ಕಾಡು ತುಂಬ ಹೂ, ಬೀಜ ಮಾತ್ರ ಇಲ್ಲ

ಸ್ಕಾಟ್ಲೆಂಡಿನ ಕೇರ್ನ್‌ಗಾರ್ಮ್ಸ್ ಬೆಟ್ಟಗಳ ಪೈನ್ ಕಾಡಿನಲ್ಲಿ ಜೂನ್ ಮುಗಿಯುವ ಹೊತ್ತಿಗೆ, ನೆಲದಿಂದ ಗೇಣುದ್ದವೂ ಮೇಲೇಳದ ಗಿಡವೊಂದು ಹೂ ಬಿಡುತ್ತದೆ. ಹಾವಸೆಯ ಮೇಲೆ ನೂರಾರು ದಂಟು, ಒಂದೊಂದು ದಂಟಿನ ತುದಿಯಲ್ಲೂ ಎರಡೆರಡು ಹೂ. ಗಿಡಕ್ಕೆ ರೋಗವಿಲ್ಲ, ಎಲೆ ಹಸಿರಾಗಿಯೇ ಇದೆ, ನೊಣಗಳೂ ಸಣ್ಣ ಜೇನುಗಳೂ ಬಂದು ಹೋಗುತ್ತವೆ. ಆದರೂ ಅಲ್ಲಿನ ಎಷ್ಟೋ ಜಾಗಗಳಲ್ಲಿ ಹೂ ಬಾಡಿದ ಮೇಲೆ ಹುಡುಕಿದರೆ ಬೀಜ ಸಿಗುವುದಿಲ್ಲ. ಸಿಕ್ಕಿದರೂ ಬೆರಳೆಣಿಕೆಯಷ್ಟು. ಮರುವರ್ಷವೂ ಅದೇ ಕತೆ.

ಹೀಗೇಕೆ ಎಂಬುದರ ಉತ್ತರದಲ್ಲಿ ಎರಡು ಭಾಗ ಇದೆ. ಒಂದು ಭಾಗ ನಮ್ಮ ಒಳ್ಳೆಮೆಣಸಿನ (ಕರಿಮೆಣಸಿನ) ಬಳ್ಳಿಯಲ್ಲಿ ಕಾಣಸಿಗುತ್ತದೆ, ಇನ್ನೊಂದು ಕೊಕ್ಕೊ ಮರದಲ್ಲಿ. ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ತೋಟದವರಿಗೆ ಎರಡೂ ದಿನಬೆಳಗಾದರೆ ಕಣ್ಣಿಗೆ ಬೀಳುವಂಥವೇ. ಹಿಮ ಬೀಳುವ ಕಾಡಿನ ಗಿಡವನ್ನು ಅರ್ಥ ಮಾಡಿಕೊಳ್ಳಲು ಮಳೆ ಸುರಿಯುವ ಊರಿನ ತೋಟ ಸಾಕಾಗುತ್ತದೆ.

ಮೊದಲು ಗಿಡದ ಪರಿಚಯ. ಸಸ್ಯಶಾಸ್ತ್ರದಲ್ಲಿ ಇದು ಲಿನ್ನಿಯಾ ಬೋರಿಯಾಲಿಸ್, ಇಂಗ್ಲಿಷಿನವರಿಗೆ ಟ್ವಿನ್‌ಫ್ಲವರ್. ಇಲ್ಲಿ ಅವಳಿಹೂ ಅಂತಿರಲಿ. ತೆಳ್ಳಗಿನ ಕಾಂಡ ನೆಲದ ಮೇಲೆ ಹರಿದುಕೊಂಡು ಹೋಗುತ್ತದೆ. ಕಾಂಡವೆಂದರೆ ನೂಲಿಗಿಂತ ಸ್ವಲ್ಪ ದಪ್ಪ, ಆದರೆ ಮುಟ್ಟಿದರೆ ಕಡ್ಡಿಯ ಗಡಸು. ಎಲೆಗಳು ಜೋಡಿ ಜೋಡಿ, ದುಂಡಗೆ, ಒಂದೆರಡು ಸೆಂಟಿಮೀಟರಿಗಿಂತ ದೊಡ್ಡದಿಲ್ಲ. ತುದಿಯ ಅರ್ಧಭಾಗದ ಅಂಚಿನಲ್ಲಿ ಕೆಲವೇ ಕೆಲವು ಹಲ್ಲು. ಹರಿಯುವ ಕಾಂಡದಿಂದ ಅಲ್ಲಲ್ಲಿ ಐದರಿಂದ ಹತ್ತು ಸೆಂಟಿಮೀಟರ್ ಎತ್ತರದ ದಂಟು ನೆಟ್ಟಗೆ ಎದ್ದು, ಮೇಲೆ ಎರಡಾಗಿ ಕವಲೊಡೆದು, ಎರಡು ಕವಲಿನಿಂದಲೂ ಒಂದೊಂದು ಹೂ ತಲೆ ಬಗ್ಗಿಸಿ ತೂಗುತ್ತದೆ. ಹೂ ತಿಳಿಗುಲಾಬಿ ಬಣ್ಣದ್ದು, ಐದು ಎಸಳಿನ ಗಂಟೆ, ಉದ್ದ ಸುಮಾರು ಒಂದು ಸೆಂಟಿಮೀಟರ್. ಒಳಗೆ ಬಣ್ಣ ಗಾಢ, ಗಂಟಲಿನಲ್ಲಿ ನವುರಾದ ರೋಮ, ಕೇಸರಗಳು ನಾಲ್ಕು: ಎರಡು ಉದ್ದ, ಎರಡು ಗಿಡ್ಡ. ಬಾಯಿ ಕೆಳಗೆ ಮಾಡಿ ತೂಗುವುದರಿಂದ ಮಳೆನೀರು ಪರಾಗವನ್ನು ತೊಳೆದುಕೊಂಡು ಹೋಗುವುದಿಲ್ಲ. ಪರಿಮಳ ಸಿಹಿ.

ಭೂಮಿಯ ಉತ್ತರ ತಲೆಯ ಸುತ್ತ ಹಬ್ಬಿರುವ ಗಿಡ ಇದು. ನಾರ್ವೆ, ಸ್ವೀಡನ್, ಫಿನ್ಲೆಂಡ್, ಸೈಬೀರಿಯ, ಕೆನಡ, ಅಲಾಸ್ಕಾದಲ್ಲಿ ಬಯಲಿನ ಕಾಡಿನಲ್ಲೂ ಇದೆ. ದಕ್ಷಿಣಕ್ಕೆ ಬಂದಂತೆ ಬೆಟ್ಟ ಹತ್ತುತ್ತದೆ. ಆಲ್ಪ್ಸ್‌ನಲ್ಲಿ ಸ್ಪ್ರೂಸ್, ಲಾರ್ಚ್ ಮರಗಳ ಕೆಳಗೆ. ಅಮೆರಿಕದ ರಾಕಿ ಪರ್ವತಗಳಲ್ಲಿ ಎಂಗಲ್ಮನ್ ಸ್ಪ್ರೂಸ್, ಸಬ್‌ಆಲ್ಪೈನ್ ಫರ್ ಮರಗಳ ನೆರಳಿನಲ್ಲಿ. ಬೇಕಾದದ್ದು ತಂಪು, ಒದ್ದೆ, ನೆರಳು, ಹಾವಸೆ. ಸೂಜಿ ಎಲೆ ಉದುರಿ ನಿಧಾನವಾಗಿ ಕೊಳೆಯುವ ಹುಳಿಮಣ್ಣು ಇದಕ್ಕೆ ಒಗ್ಗುತ್ತದೆ. ಮೊಂಟಾನಾದ ಅರಣ್ಯದವರು ಕಾಡನ್ನು ವಿಂಗಡಿಸುವಾಗ ಮೇಲಿನ ಮರದ ಹೆಸರಿನ ಜತೆಗೆ ನೆಲದ ಗಿಡದ ಹೆಸರನ್ನೂ ಸೇರಿಸುತ್ತಾರೆ. ‘ಸಬ್‌ಆಲ್ಪೈನ್ ಫರ್–ಲಿನ್ನಿಯಾ’ ಎಂಬ ಕಾಡಿನ ಬಗೆಯೇ ಅವರ ಪಟ್ಟಿಯಲ್ಲಿದೆ. ಮರವನ್ನು ಕಡಿದರೂ ಅಲ್ಲಿನ ತೇವ, ತಂಪು ಎಂಥದ್ದು ಎಂದು ನೆಲದ ಗಿಡ ಹೇಳುತ್ತದೆ ಎಂಬ ಲೆಕ್ಕ. ನನಗೆ ಇದು ಬಹಳ ಹಿಡಿಸಿದ ವಿಷಯ. ಅಷ್ಟು ದೊಡ್ಡ ಮರಗಳಿದ್ದೂ ಗುರುತಿಗೆ ಈ ಪುಟ್ಟದ್ದೇ ಬೇಕಾಯಿತು.

ಚಳಿಗಾಲದಲ್ಲಿ ಇದು ಎಲೆ ಉದುರಿಸುವುದಿಲ್ಲ. ಹೊರಗಿನ ಗಾಳಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿದ್ದರೂ ದಪ್ಪ ಹಿಮದ ಅಡಿಯಲ್ಲಿ ನೆಲ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ಹಿಮ ಕರಗಿದ ದಿನವೇ ಹಳೆಯ ಎಲೆಯಿಂದ ಅಡುಗೆ ಶುರು. ಬೇಸಿಗೆ ಗಿಡ್ಡವಾದ ಊರಿನಲ್ಲಿ ಹೊಸ ಎಲೆ ಚಿಗುರಲಿ ಎಂದು ಕಾಯಲು ಪುರುಸೊತ್ತಿಲ್ಲ. ಬೇರು ಮಾತ್ರ ತೀರಾ ಮೇಲುಮೇಲೆ, ಹಾವಸೆಯಲ್ಲೂ ಅರೆಕೊಳೆತ ಸೂಜಿಯೆಲೆಯ ಪದರದಲ್ಲೂ. ಹಾಗಾಗಿ ನೆಲಕ್ಕೆ ಬೆಂಕಿ ಬಿದ್ದರೆ ಉಳಿಯುವುದಿಲ್ಲ. ಮರಗಳನ್ನೆಲ್ಲ ಕಡಿದು ಬಿಸಿಲು ಬಿಟ್ಟರೂ ಸೊರಗುತ್ತದೆ.

ಹೆಸರಿನಲ್ಲಿರುವ ಲಿನ್ನಿಯಾ ಬಂದದ್ದು ಸ್ವೀಡನ್ನಿನ ಕಾರ್ಲ್ ಲಿನ್ನೇಯಸ್‌ನಿಂದ. ಗಿಡಮರಗಳಿಗೆ ಎರಡು ಪದದ ಹೆಸರು ಕೊಡುವ ಪದ್ಧತಿಯನ್ನು ನೆಲೆಗೊಳಿಸಿದವನು ಅವನು. 1732ರಲ್ಲಿ ಲ್ಯಾಪ್‌ಲೆಂಡ್ ಸುತ್ತಿದಾಗ ಈ ಹೂ ಅವನ ಮನಸ್ಸಿಗೆ ಹಿಡಿಯಿತು. ಡಚ್ ಗೆಳೆಯ ಗ್ರೊನೋವಿಯಸ್ ಅದಕ್ಕೆ ಲಿನ್ನೇಯಸ್‌ನ ಹೆಸರನ್ನೇ ಇಟ್ಟ. ಕುಳ್ಳ, ಯಾರೂ ಗಮನಿಸದ್ದು, ಸ್ವಲ್ಪ ದಿನ ಮಾತ್ರ ಅರಳುವಂಥದ್ದು, ಥೇಟ್ ನನ್ನ ಹಾಗೆ ಎಂಬರ್ಥದಲ್ಲಿ ಲಿನ್ನೇಯಸ್ ಬರೆದುಕೊಂಡಿದ್ದಾನೆ. ಆ ವಿನಯವನ್ನು ಪೂರ್ತಿ ನಂಬಬೇಕಾಗಿಲ್ಲ. 1737ರಲ್ಲಿ ಬರೆಸಿಕೊಂಡ ಚಿತ್ರದಲ್ಲಿ ಲ್ಯಾಪ್‌ಲೆಂಡಿನ ಉಡುಪು ತೊಟ್ಟು, ಕೈಯಲ್ಲಿ ಇದೇ ಗಿಡ ಹಿಡಿದು, ಗತ್ತಿನಲ್ಲೇ ನಿಂತಿದ್ದಾನೆ. 1753ರಲ್ಲಿ ಅವನು ಪ್ರಕಟಿಸಿದ ‘ಸ್ಪೀಸೀಸ್ ಪ್ಲಾಂಟಾರಮ್’ ಗ್ರಂಥದಲ್ಲಿ ಅವಳಿಹೂ ಇದೆ. ಅದೇ ಗ್ರಂಥದಲ್ಲಿ ಅಡಿಕೆ, ತೆಂಗು, ಒಳ್ಳೆಮೆಣಸು, ಗೇರು, ಕೊಕ್ಕೊ ಕೂಡ ಇವೆ. ಮಲಬಾರಿನ ಗಿಡಗಳ ಬಗ್ಗೆ ಅವನಿಗೆ ಆಧಾರವಾಗಿದ್ದವುಗಳಲ್ಲಿ ಒಂದು, ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿ ವಾನ್ ರೀಡ್ ಮಾಡಿಸಿದ ‘ಹೋರ್ಟಸ್ ಮಲಬಾರಿಕಸ್’. ಅದರ ಹಿಂದೆ ಇಟ್ಟಿ ಅಚ್ಯುತನ್ ಎಂಬ ವೈದ್ಯರೂ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವಿದ್ವಾಂಸರೂ ಇದ್ದರು. ಹೀಗೆ ನಮ್ಮ ತೋಟದ ಬೆಳೆಗಳೂ ಹಿಮದ ಕಾಡಿನ ಈ ಹೂವೂ ಒಂದೇ ಪುಸ್ತಕದಲ್ಲಿ ಹೆಸರು ಪಡೆದವು.

ಇನ್ನು ಬೀಜದ ಪ್ರಶ್ನೆಗೆ.

ಒಳ್ಳೆಮೆಣಸಿನ ಬಳ್ಳಿಯ ಬುಡವನ್ನು ನೋಡಿ. ಮೇಲೆ ಹತ್ತುವ ಬಳ್ಳಿ ಒಂದಾದರೆ, ಬುಡದಿಂದ ಹೊರಟು ನೆಲದಲ್ಲಿ ಹರಿಯುವ ಹಂಬುಗಳು ಬೇರೆ. ಬಿಟ್ಟರೆ ಗಂಟುಗಂಟಿಗೂ ಬೇರು ಬಿಡುತ್ತವೆ. ಅದಕ್ಕೇ, ಸಸಿ ಮಾಡುವವರು ಹಂಬು ಮಣ್ಣಿಗೆ ತಾಗದಂತೆ ಬುಡದಲ್ಲಿ ಒಂದು ಗೂಟ ಹೊಡೆದು ಅದಕ್ಕೆ ಸುತ್ತಿಡುತ್ತಾರೆ. ಫೆಬ್ರವರಿ–ಮಾರ್ಚಿಗೆ ಬಿಡಿಸಿ, ಎರಡು ಮೂರು ಗಂಟಿನ ತುಂಡು ಮಾಡಿ ಪ್ಲಾಸ್ಟಿಕ್ ತೊಟ್ಟೆಗೆ ಹಾಕುತ್ತಾರೆ. ಮಳೆ ಹಿಡಿದಾಗ ತೋಟಕ್ಕೆ. ಹೀಗೆ ಮಾಡಿದ ನೂರು ಸಸಿ ಕಣ್ಣಿಗೆ ನೂರು. ಜೀನುಗಳ ಲೆಕ್ಕದಲ್ಲಿ ಒಂದೇ. ಇದಕ್ಕೆ ಪಣಿಯೂರು-1ಕ್ಕಿಂತ ದೊಡ್ಡ ಉದಾಹರಣೆ ಬೇಡ. ಪಕ್ಕದ ಕಣ್ಣೂರು ಜಿಲ್ಲೆಯ ಪಣಿಯೂರಿನಲ್ಲಿ ಉದಿರಂಕೊಟ್ಟ ಮತ್ತು ಚೆರಿಯಕಣಿಯಕ್ಕಾಡನ್ ಎಂಬ ಎರಡು ತಳಿಗಳನ್ನು ಸೇರಿಸಿ ಹುಟ್ಟಿಸಿದ ಹೈಬ್ರಿಡ್ ಅದು. ಬೀಜದಿಂದ ಹುಟ್ಟಿದ್ದು ಒಂದು ಬಳ್ಳಿ. ಈಗ ಅಡಿಕೆ ಮರಗಳಿಗೆ ಹಬ್ಬಿರುವ ಪಣಿಯೂರು-1ರ ಲೆಕ್ಕವಿಲ್ಲದಷ್ಟು ಬಳ್ಳಿಗಳೆಲ್ಲ ಅದೇ ಬಳ್ಳಿಯ ತುಂಡಿನ ತುಂಡಿನ ತುಂಡು.

ಅವಳಿಹೂ ಮಾಡುವುದೂ ಇದನ್ನೇ, ಕತ್ತಿ ಹಿಡಿಯುವವರು ಯಾರೂ ಇಲ್ಲದೆ. ಹರಿಯುವ ಕಾಂಡ ಗಂಟಿನಲ್ಲಿ ಬೇರು ಬಿಡುತ್ತದೆ, ಮುಂದೆ ಹೋಗುತ್ತದೆ, ಕವಲೊಡೆಯುತ್ತದೆ. ಹಿಂದಿನ ಭಾಗ ಹಳತಾಗಿ ಸಾಯುತ್ತದೆ. ನಡುವೆ ಸತ್ತಲ್ಲೆಲ್ಲ ಒಂದು ಗಿಡ ಎರಡಾದ ಹಾಗೆ ಕಾಣುತ್ತದೆ. ಮೇಲಿನಿಂದ ನೋಡಿದವನು ದಂಟು ಎಣಿಸಿ ಐನೂರು ಗಿಡ ಎಂದು ಬರೆದುಕೊಂಡರೆ ಎಣಿಕೆ ಸರಿ, ಲೆಕ್ಕ ತಪ್ಪು. ಆ ಐನೂರೂ ಯಾವತ್ತೋ ಮೊಳೆತ ಒಂದೇ ಬೀಜದ್ದಾಗಿರಬಹುದು. ಸಸ್ಯಶಾಸ್ತ್ರದವರು ಇದಕ್ಕಾಗಿಯೇ ಎರಡು ಪದ ಇಟ್ಟುಕೊಂಡಿದ್ದಾರೆ: ಕಣ್ಣಿಗೆ ಕಾಣುವ ಬಿಡಿ ದಂಟು ರ್ಯಾಮೆಟ್, ಒಂದೇ ಬೀಜದಿಂದ ಹಬ್ಬಿದ ಪೂರ್ತಿ ಮೈ ಜೆನೆಟ್.

ಆದರೆ ಪಣಿಯೂರು-1 ಒಂದೇ ತೋಟದಲ್ಲಿ ಅದೊಂದೇ ಇದ್ದರೂ ಮೆಣಸು ಹಿಡಿಯುತ್ತದೆ. ಒಂದೇ ತೆನೆಯ ಹೂಗಳಲ್ಲಿ ಗಂಡುಭಾಗವೂ ಹೆಣ್ಣುಭಾಗವೂ ಇವೆ, ಮಳೆಹನಿ ಪರಾಗವನ್ನು ಇಳಿಸಿಕೊಂಡು ಹೋಗುತ್ತದೆ, ಸ್ವಂತ ಪರಾಗಕ್ಕೆ ಅಡ್ಡಿಯಿಲ್ಲ. ಅಂದರೆ ತದ್ರೂಪಿಯಾಗಿರುವುದೊಂದೇ ಬೀಜ ಇಲ್ಲದಿರುವುದಕ್ಕೆ ಕಾರಣ ಅಲ್ಲ. ಇನ್ನೇನೋ ಇರಬೇಕು.

ಅದನ್ನು ಕಾಣಲು ಕೊಕ್ಕೊ ಮರದ ಹತ್ತಿರ ಬನ್ನಿ. 1970ರ ದಶಕದಲ್ಲಿ ಅಡಿಕೆಯ ಎಡೆಬೆಳೆಯಾಗಿ ಬಂದು, ಧಾರಣೆ ಬಿದ್ದಾಗ ಬೈಸಿಕೊಂಡು, ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಕೈ ಹಿಡಿದ ಮೇಲೆ ಉಳಿದು, 2024ರಲ್ಲಿ ಧಾರಣೆ ಜಿಗಿದಾಗ ಎಲ್ಲರಿಗೂ ಮತ್ತೆ ನೆನಪಾದ ಮರ. ಕಾಂಡದಲ್ಲೂ ದಪ್ಪ ಗೆಲ್ಲಿನಲ್ಲೂ ಗಂಟುಗಳಿಂದ ನೇರವಾಗಿ ಹೂ ಬರುತ್ತದೆ. ಕಡಲೆಕಾಳಿನಷ್ಟು ಮೊಗ್ಗು ಬೆಳಗ್ಗೆ ಬಿರಿಯುತ್ತದೆ: ಬಿಳಿ, ನಡುವೆ ಕೆನ್ನೀಲಿ ಗೆರೆ. ಪರಾಗ ಹೊರುವುದು ಕೊಳೆತ ತರಗೆಲೆಯಲ್ಲೂ ಕೊಕ್ಕೊ ಸಿಪ್ಪೆಯ ರಾಶಿಯಲ್ಲೂ ಹುಟ್ಟುವ ನೊರಜು. ಸರಿಯಾದ ಪರಾಗ ಬೀಳದಿದ್ದರೆ ಒಂದೆರಡು ದಿನದಲ್ಲಿ ಹೂ ಉದುರಿ ಬುಡದಲ್ಲಿ ಬಿದ್ದಿರುತ್ತದೆ. ಬಿಟ್ಟ ಹೂವಿನಲ್ಲಿ ಕಾಯಾಗುವುದು ನೂರಕ್ಕೆ ಐದೂ ಇಲ್ಲ.

ಇದರಲ್ಲಿ ನೊರಜಿನ ಕೊರತೆ ಒಂದು ಕಾರಣ. ಇನ್ನೊಂದು ಕಾರಣ ಎಷ್ಟೋ ಕೊಕ್ಕೊ ಮರಗಳು ತಮ್ಮದೇ ಪರಾಗವನ್ನು ಒಪ್ಪದಿರುವುದು. ಅದೇ ಮರದ ಬೇರೆ ಹೂವಿನ ಪರಾಗ ಆದರೂ ಅಷ್ಟೇ, ಅದೇ ಮರದ ಕಣ್ಣು ತೆಗೆದು ಕಸಿ ಕಟ್ಟಿದ ಪಕ್ಕದ ಗಿಡದ್ದಾದರೂ ಅಷ್ಟೇ. ಬೀಜದಿಂದ ಎದ್ದ ಗಿಡಗಳು ತುಂಬಿದ ಹಳೆಯ ತೋಟದಲ್ಲಿ ಇದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಪ್ರತಿ ಮರವೂ ಬೇರೆ. ಒಂದೇ ತಾಯಿಮರದ ಕಸಿಗಿಡಗಳನ್ನು ಸಾಲಾಗಿ ನೆಟ್ಟಲ್ಲಿ ಪೆಟ್ಟು ಬೀಳುತ್ತದೆ. ಹೈಬ್ರಿಡ್ ಬೀಜ ಬೆಳೆಸುವವರು ಇದೇ ಗುಣವನ್ನು ಲಾಭಕ್ಕೆ ತಿರುಗಿಸಿಕೊಂಡಿದ್ದಾರೆ. ಸ್ವಂತ ಪರಾಗ ಒಪ್ಪದ ಬೇರೆಬೇರೆ ತಾಯಿಮರಗಳ ಕಸಿಗಳನ್ನು ಬೆರಕೆಯಾಗಿ ನೆಟ್ಟರೆ, ಕಟ್ಟಿದ ಕಾಯಿ ಪ್ರತಿಯೊಂದೂ ಪರಕೀಯ ಪರಾಗದ್ದೇ. ಕೇರಳ ಕೃಷಿ ವಿಶ್ವವಿದ್ಯಾಲಯದ ಕೊಕ್ಕೊ ಬೀಜದ ತೋಟಗಳು ಇರುವುದು ಹೀಗೆಯೇ. ಕಸಿಗಿಡ ಕೊಳ್ಳಲು ಹೋದವರು ಇವು ಎಷ್ಟು ತಾಯಿಮರಗಳವು ಎಂದು ಕೇಳುವುದು ಒಳ್ಳೆಯದು.

ಹೂವಿನೊಳಗೆ ನಡೆಯುವುದೇನು? ನಮ್ಮಲ್ಲಿ ಒಂದೇ ಬರಿಯವರಿಗೆ, ಅಂದರೆ ತಾಯಿಯ ಕಡೆಯಿಂದ ಒಂದೇ ಕುಲದವರಿಗೆ, ಮದುವೆಯಿಲ್ಲ, ಇನ್ನು ಕೆಲವರಲ್ಲಿ ಒಂದೇ ಗೋತ್ರದವರಿಗಿಲ್ಲ. ಹೂವಿಗೂ ಅಂಥ ಒಂದು ಬರಿ ಇದೆ ಎಂದುಕೊಳ್ಳಿ. ಅದು ಒಂದು ಜೀನಿನಲ್ಲಿ, ಅಥವಾ ಒತ್ತೊತ್ತಾಗಿ ಕೂತ ಕೆಲವು ಜೀನುಗಳಲ್ಲಿ ಬರೆದಿರುತ್ತದೆ. ಒಂದೇ ಜಾತಿಯ ಗಿಡಗಳಲ್ಲಿ ಅದರ ಹತ್ತಾರು ಪಾಠಾಂತರ ಇರಬಹುದು. ಪ್ರತಿ ಗಿಡದ ಬಳಿ ಎರಡು ಪಾಠ, ಒಂದು ತಾಯಿಯಿಂದ, ಒಂದು ತಂದೆಯಿಂದ. ಪರಾಗದ ಕಣ ಹೂವಿನ ಹೆಣ್ಣುಭಾಗದ ತುದಿಯಾದ ಶಲಾಕಾಗ್ರದ ಮೇಲೆ ಬಿದ್ದು ನಳಿಕೆ ಚಾಚಿ ಅಂಡಾಶಯದ ಕಡೆಗೆ ಇಳಿಯಬೇಕು. ದಾರಿಯಲ್ಲಿ ಹೆಣ್ಣುಭಾಗದ ಜೀವಕೋಶಗಳು ಬಂದವನ ಪಾಠವನ್ನು ತಮ್ಮದರ ಜತೆ ಹೋಲಿಸುತ್ತವೆ. ಒಂದೇ ಆದರೆ ಅಲ್ಲಿಗೆ ನಿಲುಗಡೆ. ಸಾಸಿವೆಯ ಕುಟುಂಬದಲ್ಲಿ ಈ ನಿಲುಗಡೆ ಹೊಸ್ತಿಲಿನಲ್ಲೇ, ಶಲಾಕಾಗ್ರದ ಮೇಲೆಯೇ ಆಗುತ್ತದೆ. ಟೊಮೇಟೊ, ಸೇಬಿನ ಬಳಗದಲ್ಲಿ ನಳಿಕೆ ಸ್ವಲ್ಪ ಇಳಿದ ಮೇಲೆ, ನಡುದಾರಿಯಲ್ಲಿ. ಕೊಕ್ಕೊದಲ್ಲಿ ಇನ್ನೂ ತಡ: ನಳಿಕೆ ಅಂಡಾಣುವಿನ ತನಕ ಹೋಗಿ ತಲುಪಿದ ಮೇಲೂ ಕೂಡುವಿಕೆ ನಡೆಯುವುದಿಲ್ಲ, ಹೂ ಉದುರುತ್ತದೆ.

ಇಷ್ಟೆಲ್ಲ ಕಟ್ಟುನಿಟ್ಟು ಯಾಕೆ ಬಂತೆಂದರೆ, ಸ್ವಂತ ಪರಾಗದಿಂದ ತಲೆಮಾರುಗಟ್ಟಲೆ ಬೀಜ ಮಾಡುತ್ತ ಹೋದರೆ ಮರೆಯಲ್ಲಿರುವ ದೋಷದ ಜೀನುಗಳು ಜೋಡಿಯಾಗಿ ಮೇಲೆ ಬರುತ್ತವೆ, ಸಸಿ ಕುಗ್ಗುತ್ತದೆ. ಬೇರೆಯವರ ಪರಾಗ ಪಡೆಯಲು ಗಿಡಗಳು ಹಲವು ದಾರಿ ಹಿಡಿದಿವೆ. ನಮ್ಮ ಊರಿನ ಎತ್ತರದ ತಳಿಯ ತೆಂಗಿನಲ್ಲಿ ಹಿಂಗಾರದ ಗಂಡುಹೂ ಮೊದಲು ಅರಳಿ ಮುಗಿಯುತ್ತದೆ, ಹೆಣ್ಣುಹೂ ಆಮೇಲೆ ತಯಾರಾಗುತ್ತದೆ. ಗಿಡ್ಡ ತಳಿಯಲ್ಲಿ ಎರಡರ ಸಮಯ ಹೊಂದಿಕೊಂಡಿರುವುದರಿಂದ ಅದು ತನ್ನಷ್ಟಕ್ಕೇ ಕಾಯಿ ಕಟ್ಟುತ್ತದೆ. ಈ ಎರಡನ್ನು ಕೈಯಾರೆ ಕೂಡಿಸಿ ಮೊದಲ ಹೈಬ್ರಿಡ್ ತೆಂಗು ಮಾಡಿದ್ದು ನಮ್ಮದೇ ಜಿಲ್ಲೆಯ ನೀಲೇಶ್ವರದಲ್ಲಿ, 1930ರ ದಶಕದಲ್ಲಿ. ತೆಂಗಿನದ್ದು ಸಮಯದ ಅಂತರ. ಕೊಕ್ಕೊ ಮತ್ತು ಅವಳಿಹೂವಿನದ್ದು ನೇರ ನಿರಾಕರಣೆ.

ಈಗ ಎರಡನ್ನೂ ಜೋಡಿಸಿ. ಮೆಣಸಿನ ಹಾಗೆ ಹಬ್ಬುವ ಗಿಡ, ಕೊಕ್ಕೊದ ಹಾಗೆ ಸ್ವಂತದ್ದನ್ನು ಒಪ್ಪದ ಹೂ. ಒಂದೇ ದಂಟಿನ ಮೇಲೆ ಅಕ್ಕಪಕ್ಕ ತೂಗುವ ಎರಡು ಹೂಗಳು ಒಂದಕ್ಕೊಂದು ಪ್ರಯೋಜನವಿಲ್ಲ. ಪಕ್ಕದ ದಂಟಿನವೂ ಇಲ್ಲ. ಆ ಇಡೀ ಹಾಸು ಒಂದೇ ಜೆನೆಟ್ ಆಗಿದ್ದರೆ ಅಲ್ಲಿರುವ ಸಾವಿರ ಹೂವಿನ ಪರಾಗವೂ ವ್ಯರ್ಥ. ನೊಣ ಹೂವಿಂದ ಹೂವಿಗೆ ಶ್ರದ್ಧೆಯಿಂದ ಓಡಾಡುತ್ತದೆ, ಆದರೆ ಹೊರುವುದೆಲ್ಲ ಮನೆಯದ್ದೇ. ಇಂಥ ಸಣ್ಣ ಕೀಟಗಳು ಹತ್ತಿರದ ಹೂವಿಂದ ಹತ್ತಿರದ ಹೂವಿಗೆ ಹೋಗುತ್ತವೆಯೇ ಹೊರತು ಮುಂದಿನ ಕಣಿವೆಗೆ ಹಾರುವುದಿಲ್ಲ. ಹಾಸು ದೊಡ್ಡದಾದಷ್ಟೂ ಅದರ ನಡುವಿನ ಹೂವಿಗೆ ಹೊರಗಿನ ಪರಾಗ ಸಿಗುವುದು ಕಷ್ಟ. ಚೆನ್ನಾಗಿ ಬೆಳೆದದ್ದೇ ತೊಡಕಾಗುತ್ತದೆ.

ಹಾಗೂ ಹೀಗೂ ಸರಿಯಾದ ಪರಾಗ ಬಂತು ಅನ್ನಿ. ಆಗಲೂ ಅವಳಿಹೂವಿನದ್ದು ಜಿಪುಣ ಲೆಕ್ಕ. ಅಂಡಾಶಯದಲ್ಲಿ ಮೂರು ಕೋಣೆ, ಫಲಿಸುವುದು ಒಂದರಲ್ಲಿ ಮಾತ್ರ, ಹೂವಿಗೊಂದೇ ಬೀಜ. ಕಾಯಿಗೆ ಅಂಟಿಕೊಂಡ ಪುಟ್ಟ ಎಲೆಗಳ ಮೇಲೆ ಜಿಗುಟು ರೋಮವಿದ್ದು, ಹಾದುಹೋಗುವ ಪ್ರಾಣಿಯ ತುಪ್ಪಳಕ್ಕೋ ಹಕ್ಕಿಯ ಗರಿಗೋ ನಡೆಯುವವರ ಕಾಲುಚೀಲಕ್ಕೋ ಹತ್ತಿಕೊಂಡು ಹೋಗುತ್ತದೆ. ಬೀಜದಿಂದ ಎದ್ದ ಎಳೆಯ ಸಸಿ ಕಾಡಿನಲ್ಲಿ ಕಣ್ಣಿಗೆ ಬೀಳುವುದು ಅಪರೂಪ.

ಹಾಗಾದರೆ ಇಷ್ಟು ಕಾಲ ಬಾಳಿದ್ದು ಹೇಗೆ? ಕಾಡು ಒಂದಕ್ಕೊಂದು ಕೂಡಿಕೊಂಡಿದ್ದಾಗ ಬೇರೆಬೇರೆ ಜೆನೆಟ್‌ಗಳ ಹಂಬು ಒಂದರೊಳಗೊಂದು ಹೆಣೆದುಕೊಂಡಿದ್ದವು. ಒಂದು ಹೂವಿನಿಂದ ಮೊಳದಾಚೆಯ ಹೂವಿಗೆ ಹಾರಿದರೂ ನೊಣ ಬೇರೊಂದು ಗಿಡಕ್ಕೆ ಹೋದ ಹಾಗಾಗುತ್ತಿತ್ತು. ಸ್ವೀಡನ್, ಫಿನ್ಲೆಂಡ್, ಕೆನಡದ ದೊಡ್ಡ ಕಾಡುಗಳಲ್ಲಿ ಈಗಲೂ ಇದು ಸಾಮಾನ್ಯ ಗಿಡ, ಅಲ್ಲಿ ಇದಕ್ಕಾಗಿ ಮರುಗಬೇಕಾದ ಅಗತ್ಯವಿಲ್ಲ. ಸ್ಕಾಟ್ಲೆಂಡಿನಲ್ಲಿ ಹಾಗಲ್ಲ. ಅಲ್ಲಿನ ಹಳೆಯ ಪೈನ್ ಕಾಡು ಶತಮಾನಗಳಿಂದ ಕಡಿತಕ್ಕೆ, ಕುರಿ ಮತ್ತು ಜಿಂಕೆಗಳ ಮೇವಿಗೆ, ಆಮೇಲೆ ಎರಡು ಮಹಾಯುದ್ಧಗಳ ಮರದ ಬೇಡಿಕೆಗೆ ಸಿಕ್ಕಿ ಚೂರುಚೂರಾಗಿ ಉಳಿದಿದೆ. ಎಷ್ಟೋ ಚೂರುಗಳಲ್ಲಿ ಕೆಲವೇ ಜೆನೆಟ್. ಅವು ಸಾಯುತ್ತಿಲ್ಲ, ಹಬ್ಬುತ್ತಲೇ ಇವೆ, ಪ್ರತಿ ವರ್ಷ ಹೂವನ್ನೂ ಬಿಡುತ್ತವೆ. ಅದಕ್ಕೇ ಈ ಸಮಸ್ಯೆ ಬಹಳ ಕಾಲ ಯಾರ ಗಮನಕ್ಕೂ ಬರಲಿಲ್ಲ. ಗಿಡ ಒಣಗಿದ್ದರೆ ಎಲ್ಲರೂ ನೋಡುತ್ತಾರೆ, ಹೂ ಬಿಟ್ಟ ಗಿಡದ ಮುಂದೆ ನಿಂತು ತೊಂದರೆ ಇದೆ ಎಂದು ಯಾರು ಹೇಳುತ್ತಾರೆ?

ಗಿಡಗಳು ಕಡಿಮೆಯಾದಂತೆ ಇನ್ನೊಂದು ಸೂಕ್ಷ್ಮ ತೊಡಕು. ಉಳಿದ ನಾಲ್ಕಾರು ಜೆನೆಟ್‌ಗಳು ಹತ್ತಿರದ ನೆಂಟರಾಗಿದ್ದರೆ ಅವುಗಳ ಪಾಠಾಂತರಗಳೂ ಒಂದೇ ಆಗಿರಬಹುದು. ಆಗ ಗಿಡ ಬೇರೆಯಾದರೂ ಪರಾಗ ತಿರಸ್ಕೃತವಾಗಬಹುದು. ತುಳುನಾಡಿನ ಸಣ್ಣ ಬನಗಳಲ್ಲಿ, ಕಾವುಗಳಲ್ಲಿ ಒಂದೊಂದೇ ಉಳಿದಿರುವ ಕಾಡುಮರಗಳ ಬಗ್ಗೆಯೂ ಇದೇ ಪ್ರಶ್ನೆ ಕೇಳಬಹುದು. ಮರ ಇದೆ, ಹೂ ಬಿಡುತ್ತದೆ, ದೈವದ ಭಯದಿಂದ ಯಾರೂ ಕಡಿಯುವುದಿಲ್ಲ, ಸರಿ. ಸುತ್ತಮುತ್ತ ಅದರ ಜತೆಗಾರ ಮರ ಇದೆಯೇ? ಬುಡದಲ್ಲಿ ಅದರ ಸಸಿ ಕಂಡವರಿದ್ದಾರೆಯೇ?

ಸ್ಕಾಟ್ಲೆಂಡಿನಲ್ಲಿ ಹಿಡಿದ ಉಪಾಯ ನಮ್ಮ ಮೆಣಸಿನ ಸಸಿಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಬೇರೆಬೇರೆ ಹಾಸುಗಳಿಂದ ಹಂಬಿನ ತುಂಡು ತಂದು, ಬೇರು ಬರಿಸಿ, ಒಂದರ ಪಕ್ಕ ಒಂದನ್ನು ನೆಡುತ್ತಾರೆ. ಯಾವ ಹಾಸು ಬೇರೆ ಜೆನೆಟ್ ಎಂದು ತಿಳಿಯಲು ಡಿಎನ್ಎ ಪರೀಕ್ಷೆ ಇದೆ. ಅದಿಲ್ಲದೆಯೂ ತಿಳಿಯಬಹುದು: ಒಂದು ಹಾಸಿನ ಕೇಸರವನ್ನು ಚಿಮುಟದಲ್ಲಿ ಕಿತ್ತು ಇನ್ನೊಂದು ಹಾಸಿನ ಹೂವಿನ ಶಲಾಕಾಗ್ರಕ್ಕೆ ಸವರಿ, ಅದೇ ಹಾಸಿನ ಇನ್ನೊಂದು ಹೂವಿಗೆ ಸ್ವಂತ ಪರಾಗವನ್ನೇ ಸವರಿ, ಎರಡಕ್ಕೂ ಗುರುತು ಕಟ್ಟಿ, ನೊಣ ಬಾರದಂತೆ ಬಲೆ ಮುಚ್ಚಿದರಾಯಿತು. ಮೊದಲನೆಯದರಲ್ಲಿ ಕಾಯಿ ಕಟ್ಟಿ ಎರಡನೆಯದರಲ್ಲಿ ಕಟ್ಟದಿದ್ದರೆ ಎರಡು ಹಾಸುಗಳೂ ಬೇರೆ.

ತುಂಡುಗಳನ್ನು ಎಷ್ಟು ದೂರದಿಂದ ತರಬೇಕು ಎಂಬುದರಲ್ಲಿ ಮಾತ್ರ ಎರಡು ವಾದಗಳಿಗೆ ಜಾಗವಿದೆ. ದೂರದ್ದು ತಂದರೆ ಪಾಠಾಂತರ ಬೇರೆಯಾಗಿರುವ ಸಾಧ್ಯತೆ ಹೆಚ್ಚು, ಆದರೆ ಇಲ್ಲಿನ ಮಣ್ಣು, ಚಳಿಗೆ ಹೊಂದಿಕೊಂಡ ಗುಣ ಕಲಸಿಹೋದೀತು ಎಂಬ ಅಳುಕು. ಹತ್ತಿರದ್ದು ತಂದರೆ ಆ ಅಳುಕಿಲ್ಲ, ಆದರೆ ನೆಂಟಸ್ತಿಕೆ ಅಡ್ಡ ಬಂದೀತು. ನನ್ನ ಅಭಿಪ್ರಾಯ ಕೇಳಿದರೆ, ಮೊದಲು ಅದೇ ಕಣಿವೆಯಲ್ಲಿ ಹುಡುಕಿ ಪರಾಗ ಸವರಿ ನೋಡಬೇಕು, ಕಾಯಿ ಕಟ್ಟದಿದ್ದರೆ ಮಾತ್ರ ಬೆಟ್ಟದಾಚೆಯದನ್ನು ತರಬೇಕು. ಹೇಗಿದ್ದರೂ ನೆಟ್ಟ ತುಂಡು ಬೇರೂರಿ, ಹಬ್ಬಿ, ಹೂ ಬಿಡುವಷ್ಟಾಗಲು ವರ್ಷಗಳೇ ಬೇಕು. ಅಷ್ಟರಲ್ಲಿ ಪಕ್ಕದ ಹಳೆಯ ಹಾಸು ಹೊಸ ತುಂಡಿನ ಮೇಲೆಯೇ ಹಬ್ಬಿ ಮುಚ್ಚದಂತೆ ನೋಡಿಕೊಳ್ಳುವ ಕೆಲಸವೂ ಇದೆ.